ಕಿಚನ್ ತೂಕದ ಮಷಿನ್ ರಿವ್ಯೂ: ತಗೊಂಡಿದ್ದು ಅಡುಗೆಗಲ್ಲ, ನಮ್ಮ ನಾಯಿ ಗುಂಡ ಸಣ್ಣ ಆಗ್ಲಿ ಅಂತ

ಐದು ಕೆಜಿವರೆಗೆ ತೂಗೋ, ಒಂದೊಂದು ಗ್ರಾಂ ಲೆಕ್ಕ ತೋರ್ಸೋ ಮಾಮೂಲಿ ಡಿಜಿಟಲ್ ಕಿಚನ್ ಸ್ಕೇಲ್ ಇದು. ಪಾತ್ರೆ ಅಂಗಡಿಲಿ ನಾನೂರು ರೂಪಾಯಿ ಒಳಗೇ ಸಿಕ್ತು. ಬ್ರ್ಯಾಂಡ್ ಹೇಳಿ ಪ್ರಯೋಜನ ಇಲ್ಲ, ಅದೇ ಬಿಳಿ ಪ್ಲಾಸ್ಟಿಕ್ ಮಷಿನ್ ಮೇಲೆ ಒಂದೊಂದು ಅಂಗಡಿಲಿ ಒಂದೊಂದು ಹೆಸರು ಇರುತ್ತೆ. ಕೇಕ್ ಮಾಡೋರು ಇದ್ರ ರಿವ್ಯೂ ಬೇಕಾದಷ್ಟು ಬರ್ದಿದಾರೆ, ನಾನು ಬರೀತಿರೋದು ಲ್ಯಾಬು, ಗೋಲ್ಡನ್ನು, ಶೆಫರ್ಡು, ರಾಟ್‌ವೀಲರ್ ಥರ ದೊಡ್ಡ ನಾಯಿ ಸಾಕಿ, ಅದಕ್ಕೆ ಮೈನೂ ಬಂದು ಸೊಂಟ ನೋವೂ ಶುರುವಾಗಿರೋರಿಗೆ.

ನಮ್ದು ಲ್ಯಾಬ್ (ಲ್ಯಾಬ್ರಡಾರ್), ಹೆಸ್ರು ಗುಂಡ, ಹೆಸ್ರಿಗೆ ತಕ್ಕಂಗೇ ಇದ್ದ. ದೀಪಾವಳಿ ಟೈಮಲ್ಲಿ 41 ಕೆಜಿ. ಮಲಗಿದ್ದೋನು ಏಳೋವಾಗ ಮುಂಗಾಲು ಊರಿ ಮೈನ ಮುಂದಕ್ಕೆ ಎಳ್ಕೊಳೋನು, ಹಿಂಗಾಲು ಟೈಲ್ಸ್ ಮೇಲೆ ಜಾರಿ ಎರಡೂ ಕಡೆ ಅಗಲ ಆಗೋದು, ಓಡಕ್ಕೆ ಹೋದ್ರೆ ಮೊಲದ ಥರ ಹಿಂದಿನ ಎರಡೂ ಕಾಲು ಒಟ್ಟಿಗೆ ಎತ್ತಿ ಹಾಕೋನು. ಎಕ್ಸ್‌ರೇ ತೆಗೆಸಿದ್ವಿ, ಹಿಪ್ ಡಿಸ್ಪ್ಲೇಸಿಯಾ (ಸೊಂಟದ ಕೀಲು ಗುಳೀಲಿ ಸರಿಯಾಗಿ ಕೂರದೇ ಇರೋದು), ಜೊತೆಗೆ ಸಂಧಿವಾತ. ಡಾಕ್ಟ್ರು ನೋವಿನ ಮಾತ್ರೆ ಬರ್ಕೊಟ್ಟು, ಇವ್ನು 32ಕ್ಕೆ ಇಳೀಬೇಕು, ಅದಾಗ್ದೆ ಮಿಕ್ಕಿದ್ದೇನು ಮಾಡಿದ್ರೂ ಅಷ್ಟಕ್ಕಷ್ಟೆ ಅಂದ್ರು. (ನಾವು ನುಂಗೋ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಅರ್ಧ ಮುರಿದು ಕೊಡೋ ಕೆಲ್ಸ ಮಾತ್ರ ಯಾರೂ ಮಾಡ್ಬೇಡಿ, ನಾಯಿಗೆ ಅದು ವಿಷ ಆಗ್ಬಹುದು.)

ಆಮೇಲೆ ಎಲ್ರೂ ಮಾಡೋದೇ ಮಾಡಿದ್ವಿ. ಕೀಲಿಗೆ ಒಳ್ಳೇದು ಅಂತ ಮಾರೋ ಗ್ಲುಕೋಸಮೈನ್ ಪುಡಿ ಬಂತು, ಫೋಮ್ ಹಾಸಿಗೆ ಬಂತು, ಸೊಂಟಕ್ಕೆ ಕಟ್ಟೋ ಬೆಲ್ಟ್ ಬಂತು. ಹಾಸಿಗೆ ಪರವಾಗಿಲ್ಲ. ಪುಡಿಯಿಂದ ಏನಾಯ್ತು ಅಂತ ಕೇಳಿದ್ರೆ ನಂಗಂತೂ ಏನೂ ಕಾಣ್ಲಿಲ್ಲ, ಅದ್ರ ಬಗ್ಗೆ ಆಗಿರೋ ಸ್ಟಡಿಗಳಲ್ಲೂ ಗಟ್ಟಿ ಪುರಾವೆ ಕಮ್ಮಿನೇ. ತೂಕದ ವಿಷ್ಯ ಹಂಗಲ್ಲ. ಕೀಲುನೋವಿರೋ ದಪ್ಪ ನಾಯಿಗಳನ್ನ ಇಟ್ಕೊಂಡು ಮಾಡಿದ ಸ್ಟಡಿ ಒಂದು 2010ರಲ್ಲಿ ಬಂದಿದೆ, ಮೈತೂಕದಲ್ಲಿ ಬರೀ ಆರು ಪರ್ಸೆಂಟ್ ಇಳಿದಿದ್ದಕ್ಕೇ ಕುಂಟೋದು ಕಮ್ಮಿ ಆಯ್ತಂತೆ. ಗುಂಡನ ಲೆಕ್ಕದಲ್ಲಿ ಅದು ಎರಡೂವರೆ ಕೆಜಿ. ಅದಕ್ಕೂ ಮುಂಚೆ 48 ಲ್ಯಾಬ್ ಮರಿಗಳನ್ನ ಜೋಡಿ ಮಾಡಿ, ಜೋಡೀಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25 ಕಮ್ಮಿ ಊಟ ಹಾಕಿ ಜೀವನಪೂರ್ತಿ ನೋಡಿದ್ರು, 2002ರಲ್ಲಿ ರಿಸಲ್ಟ್ ಬಂತು: ಕಮ್ಮಿ ತಿಂದವು ಹತ್ರಹತ್ರ ಎರಡು ವರ್ಷ ಜಾಸ್ತಿ ಬದುಕಿದ್ವು, ಕೀಲಿನ ತೊಂದ್ರೆನೂ ತಡವಾಗಿ ಬಂತು.

ಸರಿ, ಈಗ ಮಷಿನ್ ಕಥೆಗೆ ಬರ್ತೀನಿ. ನಮ್ಮನೇಲಿ ನಾಯಿ ಊಟದ ಅಳತೆ ಅಂದ್ರೆ ಒಂದು ಸ್ಟೀಲ್ ಲೋಟ. ಮಷಿನ್ ಬಂದ ದಿನ ಅದೇ ಲೋಟದಲ್ಲಿ ಎಲ್ರ ಕೈಲೂ ಫುಡ್ ತುಂಬ್ಸಿ ತೂಗಿದೆ. ನಮ್ಮೆಜಮಾನ್ರದ್ದು 130 ಗ್ರಾಂ, ಮಗಂದು 150, ಅತ್ತೆದು ಗೋಪುರ ಕಟ್ಟಿ 185. ಲೋಟ ಒಂದೇ ಕಣ್ರೀ! ಹೊತ್ತಿಗೆ ಐವತ್ತು ಗ್ರಾಂ ವ್ಯತ್ಯಾಸ ಅಂದ್ರೆ ದಿನಕ್ಕೆ ನೂರು ಗ್ರಾಂ, ಮುನ್ನೂರು ಕ್ಯಾಲೊರಿ ಮೇಲೆ ಆಯ್ತು.

ಲೆಕ್ಕ ಹಾಕೋದು ಹೆಂಗಂದ್ರೆ, ಈಗಿರೋ ತೂಕ ಅಲ್ಲ, ಇರಬೇಕಾದ ತೂಕ ತಗೊಳ್ಳಿ, ಫೋನಿನ ಕ್ಯಾಲ್ಕುಲೇಟರಲ್ಲಿ ಅದಕ್ಕೆ 0.75 ಪವರ್ (xʸ ಬಟನ್) ಹಾಕಿ, ಬಂದಿದ್ದನ್ನ 70ರಿಂದ ಗುಣಿಸಿ. 32 ಕೆಜಿಗೆ ಸುಮಾರು 940 ಬರುತ್ತೆ, ಅದು ಇಡೀ ದಿನದ ಕ್ಯಾಲೊರಿ, ಬಿಸ್ಕೆಟ್ಟು ಚೂರುಪಾರು ಎಲ್ಲಾ ಸೇರಿ. ನಮ್ಮ ಫುಡ್ ಚೀಲದ ಮೇಲೆ ನೂರು ಗ್ರಾಂಗೆ 310 ಅಂತಿತ್ತು, ಹಂಗಾಗಿ ದಿನಕ್ಕೆ 280 ಗ್ರಾಂ ಫಿಕ್ಸ್ ಮಾಡಿ ಮಿಕ್ಕಿದ್ದನ್ನ ಮೇಲ್ತಿಂಡಿಗೆ ಬಿಟ್ವಿ. ಇದನ್ನ ಡಾಕ್ಟ್ರಿಗೆ ತೋರಿಸ್ದೆ ಶುರು ಮಾಡ್ಬೇಡಿ, ಮಾಮೂಲಿ ಫುಡ್ಡನ್ನೇ ಸುಮ್ನೆ ಅರ್ಧ ಮಾಡಿದ್ರೆ ಪ್ರೊಟೀನ್ ವಿಟಮಿನ್ನೂ ಅರ್ಧ ಆಗುತ್ತೆ, ಅದಕ್ಕೇ ತೂಕ ಇಳಿಸೋ ಫುಡ್ಡೇ ಬೇರೆ ಇರೋದು.

ಅಸಲಿ ತೊಂದ್ರೆ ಬಟ್ಟಲಿನ ಊಟ ಅಲ್ವೇ ಅಲ್ಲ. ಅತ್ತೆ ಚಪಾತಿ ಲಟ್ಟಿಸೋವಾಗ ಇವ್ನು ಕಾಲ ಹತ್ರ ಕೂತು ಮುಖ ನೋಡ್ತಾನೆ, ಅವ್ರು 'ಪಾಪ ಹೊಟ್ಟೆ ಹಸ್ದಿದೆ ಕಣೆ' ಅಂತ ಒಂದು ಪೂರ್ತಿ ಚಪಾತಿ ಹಾಕ್ತಾರೆ, ಅಲ್ಲಿಗೆ ನೂರು ಕ್ಯಾಲೊರಿ ಹೋಯ್ತು. ಕೇಂಬ್ರಿಡ್ಜ್‌ನೋರು 2016ರಲ್ಲಿ ಕಂಡುಹಿಡಿದ ಪ್ರಕಾರ ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಪಿಒಎಂಸಿ ಅನ್ನೋ ಜೀನ್‌ನಲ್ಲೇ ಒಂದು ತುಂಡು ಇರಲ್ಲ, ಅಂಥವಕ್ಕೆ ತಿನ್ನೋ ಆಸೆ ಜಾಸ್ತಿ. ಇದನ್ನ ಅತ್ತೆಗೆ ವಿವರಿಸಿದೆ, 'ಹಾಗಾದ್ರೆ ಅದರ ತಪ್ಪೇನಿದೆ' ಅಂತ ಇನ್ನೊಂದು ಚಪಾತಿ ಹಾಕಿದ್ರು. ಕೊನೆಗೆ ಕೆಲಸ ಮಾಡಿದ್ದು ಡಬ್ಬಿ. ಬೆಳಿಗ್ಗೆ 280 ಗ್ರಾಂ ತೂಗಿ ಒಂದು ಡಬ್ಬಿಗೆ ಹಾಕಿಡೋದು, ಯಾರಿಗೆ ಯಾವಾಗ ಕನಿಕರ ಬಂದ್ರೂ ಅದ್ರಿಂದಾನೇ ಕೊಡ್ಬೇಕು, ಡಬ್ಬಿ ಖಾಲಿ ಅಂದ್ರೆ ಅವತ್ತಿನ ಊಟ ಮುಗೀತು. ಅದೂ ಸಾಲ್ದು ಅಂದ್ರೆ ಸೌತೆಕಾಯಿ, ಉಪ್ಪು ಹಾಕ್ದೆ ಬೇಯಿಸಿದ ಹುರುಳಿಕಾಯಿ. ಅತ್ತೆ ಈಗ ಡಬ್ಬಿಯಿಂದ ಫುಡ್ಡಿನ ಒಂದೊಂದೇ ಕಾಳು ಕೊಡ್ತಾರೆ, ಅವ್ನು ಪ್ರತಿ ಕಾಳಿಗೂ ಶೇಕ್‌ಹ್ಯಾಂಡ್ ಕೊಡ್ತಾನೆ, ಇಬ್ರಿಗೂ ಖುಷಿ.

ಮಷಿನ್ನಲ್ಲಿ ಕಿರಿಕಿರಿ ಇಲ್ದೇ ಇಲ್ಲ. ದೊಡ್ಡ ಬಟ್ಟಲು ಇಟ್ರೆ ಡಿಸ್ಪ್ಲೇ ಅದ್ರಡಿ ಮುಚ್ಚೋಗುತ್ತೆ, ಬಗ್ಗಿ ಇಣುಕ್ಬೇಕು. ಒಂದೊಂದೇ ಕಾಳು ನಿಧಾನವಾಗಿ ಹಾಕ್ತಾ ಹೋದ್ರೆ ಕೆಲವೊಮ್ಮೆ ನಂಬರ್ ಅಲ್ಲಾಡೋದೇ ಇಲ್ಲ, ಪಾತ್ರೆ ಒಂದ್ಸಲ ಎತ್ತಿ ಇಟ್ರೆ ಸರಿ ತೋರ್ಸುತ್ತೆ. ಯೂನಿಟ್ ಬಟನ್ನು ಟೇರ್ ಬಟನ್ (ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡೋದು) ಪಕ್ಕದಲ್ಲೇ ಇದೆ, ಕೈ ತಾಗಿ ಗ್ರಾಂ ಹೋಗಿ ಔನ್ಸ್ ಬಂದ್ಬಿಡುತ್ತೆ, ಅತ್ತೆ ಗಾಬರಿ ಆಗ್ತಾರೆ. ಬಟ್ಟೆ ಮೇಲೆ ಇಡ್ಬೇಡಿ, ಗಟ್ಟಿ ಸ್ಲ್ಯಾಬ್ ಮೇಲೇ ಇರ್ಲಿ. ಸರಿ ತೂಗ್ತಿದ್ಯಾ ಅಂತ ನೋಡಕ್ಕೆ ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಇಡಿ, ಹಾಲು ನೀರಿಗಿಂತ ಸ್ವಲ್ಪ ಭಾರ, 515 ಮೇಲೆ ಒಂದೆರಡು ಗ್ರಾಂ ಬಂದ್ರೆ ಓಕೆ.

ನಾಯಿನ ತೂಗಕ್ಕೆ ಇದು ಆಗಲ್ಲ, ಗೊತ್ತಿರೋದೇ. 41 ಕೆಜಿ ಎತ್ಕೊಂಡು ಬಾತ್‌ರೂಮ್ ಸ್ಕೇಲ್ ಮೇಲೆ ನಿಂತ್ರೆ ಮೊದ್ಲು ನಮ್ಮ ಸೊಂಟ ಹೋಗುತ್ತೆ. ನಾವು ಅಕ್ಕಿ ಅಂಗಡಿಯ ಪ್ಲಾಟ್‌ಫಾರ್ಮ್ ತಕ್ಕಡಿ ಮೇಲೆ ನಿಲ್ಲಿಸ್ತೀವಿ, ಅಂಗಡಿಯಣ್ಣ 'ಏನಮ್ಮ, ಮೂಟೆ ಇಳೀತಾ ಇದೆ' ಅಂತಾರೆ. ವಾರಕ್ಕೆ ಮೈತೂಕದ ಒಂದು ಪರ್ಸೆಂಟ್ ಆಸುಪಾಸು ಇಳಿದ್ರೆ ಸಾಕು, ಎರಡರ ಮೇಲೆ ಬೇಡ. ಯುಗಾದಿ ಹೊತ್ಗೆ ಗುಂಡ 35ಕ್ಕೆ ಬಂದ. ವಾಕಿಂಗ್ ಜಾಸ್ತಿ ಮಾಡ್ಸಿದ್ದಲ್ಲ, ದಿನಾ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಅಷ್ಟೆ, ಬಾಲ್ ಎಸೆಯೋದು ಪೂರ್ತಿ ಬಂದ್, ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್. ಮಾತ್ರೆನೂ ಡಾಕ್ಟ್ರು ಕಮ್ಮಿ ಮಾಡಿದಾರೆ. ಪಕ್ಕೆ ಮೇಲೆ ಕೈಯಾಡ್ಸಿದ್ರೆ ಈಗ ಎಲುಬು ಎಣಿಸ್ಬಹುದು, ಮುಂಚೆ ಬರೀ ದಿಂಬು.

ನಾಲ್ಕು ಸ್ಟಾರ್, ಡಿಸ್ಪ್ಲೇಗೆ ಒಂದು ಕಟ್. ತಗೊಳೋವಾಗ ಗುಂಡು ಬಟನ್ ಸೆಲ್ಲಿಂದು ಬಿಟ್ಟು ಪೆನ್ಸಿಲ್ ಸೆಲ್ ಹಾಕೋದೇ ಕೇಳಿ, ಚಾರ್ಜ್ ಹೋದಾಗ ಎದುರಿನ ಅಂಗಡಿಲೇ ಸಿಗುತ್ತೆ.