ಕಾಸರಗೋಡಿನವರೇ, ಮೆಡಿಕಲ್ ಅರ್ಜಿ ಏಜೆಂಟನ ಕೈಗೆ ಕೊಡಬೇಡಿ

"ನೀವು ಕೇರಳದವರಲ್ವಾ ಸರ್, ನಿಮಗೆ ಕರ್ನಾಟಕದಲ್ಲಿ ಮ್ಯಾನೇಜ್‌ಮೆಂಟ್ ಸೀಟು ಬಿಟ್ರೆ ಬೇರೆ ದಾರಿ ಇಲ್ಲ."

ಈ ಮಾತು ಯಾರ ಬಾಯಿಂದ ಬಂದರೂ ಕುರ್ಚಿ ಬಿಟ್ಟು ಎದ್ದು ಬನ್ನಿ. ಎಸಿ ರೂಮಿನಲ್ಲಿ ಕೂರಿಸಿ, ಕಾಫಿ ತರಿಸಿ, ಗೋಡೆ ತುಂಬ ಬಿಳಿಕೋಟಿನ ಮಕ್ಕಳ ಫೋಟೋ ತೋರಿಸಿ ಹೇಳಿದರೂ ಸರಿ. ನಮ್ಮ ಹುಡುಗಿಯ ಮೆಡಿಕಲ್ ಸೀಟಿಗೆಂದು ಹೋದ ನಾವು ಏಳಲಿಲ್ಲ. ಕೂತು ಕೇಳಿದೆವು, ತಲೆ ಆಡಿಸಿದೆವು, ಹಣ ಕೊಟ್ಟೆವು. ಮಂಗಳೂರಿನ ಆ ಕನ್ಸಲ್ಟೆನ್ಸಿಯ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ನಡೆಯುತ್ತಾ ಉಂಟು. ಹೆಸರಿಗಿಂತ ಅವರು ಮಾಡುವ ಕ್ರಮ ಗೊತ್ತಿದ್ದರೆ ಸಾಕು. ಹೆಸರು ನಾಳೆ ಬದಲಾದೀತು, ಕ್ರಮ ಬದಲಾಗುವುದಿಲ್ಲ.

ಮೊದಲು ಆ ಸುಳ್ಳು. ಕರ್ನಾಟಕದಲ್ಲಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎಯ ನಿಯಮದಲ್ಲಿ ಗಡಿನಾಡು ಕನ್ನಡಿಗ ಎಂಬ ಕಲಂ ಉಂಟು. ನಮ್ಮ ಕಡೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು. ಮಹಾರಾಷ್ಟ್ರದ ಕಡೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್, ಗಡಹಿಂಗ್ಲಜ್. ಇಲ್ಲಿ ವಾಸ ಇದ್ದು, ಇಲ್ಲೇ ಓದಿ, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿದ್ದರೆ ಕರ್ನಾಟಕದ ಸರಕಾರಿ ಕೋಟಾದ ಸಾಲಿನಲ್ಲಿ ನಿಲ್ಲಬಹುದು. ಈ ತಾಲೂಕುಗಳ ಆಚೆ ಇರುವ ಕನ್ನಡಿಗರಿಗೆ ಹೊರನಾಡು ಕನ್ನಡಿಗ ಎಂಬ ಬೇರೆ ಕಲಂ. ಎರಡಕ್ಕೂ ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಿಗೆ ಅದೇನು ಹೆದರುವ ಪರೀಕ್ಷೆ ಅಲ್ಲ.

ಹೆದರಬೇಕಾದ್ದು ದಿನಾಂಕಕ್ಕೆ. ಇದನ್ನು ಎರಡು ಸಲ ಓದಿ: ಭಾಷಾ ಪರೀಕ್ಷೆ ಬರುವುದು ಕೆಇಎಯ ಪ್ರವೇಶ ಪರೀಕ್ಷೆ ಸಿಇಟಿಯ ಜೊತೆ, ನೀಟ್‌ಗಿಂತ ಮೊದಲು. 2024ರಲ್ಲಿ ಏಪ್ರಿಲ್ 20ಕ್ಕೆ ಇತ್ತು, ನೀಟ್ ಮೇ 5ಕ್ಕೆ. 2025ರಲ್ಲಿ ಏಪ್ರಿಲ್ 15ಕ್ಕೆ, ನೀಟ್ ಮೇ 4ಕ್ಕೆ. ಅಂದರೆ ನೀಟ್ ರಿಸಲ್ಟ್ ಬಂದ ಮೇಲೆ ಕರ್ನಾಟಕದ ಬಗ್ಗೆ ಯೋಚನೆ ಮಾಡುವವರಿಗೆ ಅಷ್ಟರಲ್ಲಿ ಬಸ್ಸು ಹೋಗಿ ಆಗಿರುತ್ತದೆ. ಮೆಡಿಕಲ್ ಮಾತ್ರ ಬೇಕು, ಸಿಇಟಿ ನಮಗೆ ಯಾಕೆ ಎಂದು ಕೂರುವ ಮನೆಗಳು ನಮ್ಮಲ್ಲಿ ಎಷ್ಟೋ ಉಂಟು. ಆ ಸಿಇಟಿ ಅರ್ಜಿ ಹಾಕುವಾಗಲೇ ಕಲಂ ಆರಿಸಿರಬೇಕು, ಭಾಷಾ ಪರೀಕ್ಷೆ ಬರೆದಿರಬೇಕು. ಆಮೇಲೆ ಇನ್ನೊಂದು ಅವಕಾಶ ಕೊಟ್ಟಾರು ಎಂದು ನಂಬಿ ಕೂರಬೇಡಿ.

ನಮ್ಮ ಹುಡುಗಿಯ ಅರ್ಜಿ ಹೋಗಿತ್ತು, ಅದೇ ಹೊಟ್ಟೆ ಉರಿಯುವ ವಿಷಯ. "ಸಿಇಟಿ ಅರ್ಜಿ ಫ್ರೀಯಾಗಿ ತುಂಬಿಸಿ ಕೊಡ್ತೇವೆ" ಎಂದು ಅವರೇ ಕಾಸರಗೋಡಿಗೆ ಬಂದು ಕೂತಿದ್ದರು. ಫ್ರೀ ಅಂದ ಕೂಡಲೇ ಸಂಶಯ ಬರಬೇಕಿತ್ತು. ಅವರು ತುಂಬಿಸಿದ್ದು ಹೊರರಾಜ್ಯದ ಅಭ್ಯರ್ಥಿ ಎಂದು. ಹಾಗೆ ತುಂಬಿಸಿದರೆ ಸರಕಾರಿ ಕೋಟಾದ ಬಾಗಿಲು ಅಲ್ಲಿಗೇ ಮುಚ್ಚಿತು. ಉಳಿಯುವುದು ಖಾಸಗಿ ಕೋಟಾ, ಎನ್‌ಆರ್‌ಐ ಕೋಟಾ ಮುಂತಾದ ದುಬಾರಿ ಸೀಟು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಮಗು ಕೆಇಎ ದಾಖಲೆಯಲ್ಲಿ ಪರರಾಜ್ಯದವಳು! ಅರ್ಜಿಯ ಪ್ರಿಂಟ್ ಕೈಗೆ ಬಂದದ್ದು ದಾಖಲೆ ಪರಿಶೀಲನೆಯ ಹೊತ್ತಿಗೆ. ಅಲ್ಲಿಯವರೆಗೆ "ಪ್ರಿಂಟ್ ನಮ್ಮ ಫೈಲಿನಲ್ಲಿ ಉಂಟು ಸರ್, ಸೇಫ್ ಉಂಟು."

ಕೇಳಿದಾಗ ಮೊದಲ ಉತ್ತರ: "ಗಡಿನಾಡು ಕಲಂ ಇಂಜಿನಿಯರಿಂಗಿಗೆ ಮಾತ್ರ." ನಿಯಮ ಪುಸ್ತಕ ತೆರೆದು ಮುಂದೆ ಇಟ್ಟಾಗ: "ಉಂಟು, ಆದ್ರೆ ಅದರಲ್ಲಿ ಯಾರಿಗೂ ಸಿಗುವುದಿಲ್ಲ." ಮತ್ತೂ ಬಿಡದೆ ಕೇಳಿದಾಗ: "ಅದು ನೀವು ಆಗಲೇ ಹೇಳ್ಬೇಕಿತ್ತಲ್ವಾ?" ನಾವು ಹೇಳಬೇಕಿತ್ತಂತೆ. ಮನೆಯ ವಿಳಾಸ, ಶಾಲೆಯ ಹೆಸರು, ಮಾತೃಭಾಷೆ, ಎಲ್ಲ ಅವರೇ ನಮ್ಮ ಬಾಯಿಂದ ಕೇಳಿ ಬರೆದುಕೊಂಡದ್ದು.

ವ್ಯತ್ಯಾಸ ಎಷ್ಟು ಎಂದು ಲೆಕ್ಕ ಹಾಕಿ. ಖಾಸಗಿ ಕಾಲೇಜಿನಲ್ಲಿ ಸರಕಾರಿ ಕೋಟಾದ ಸೀಟಿಗೆ ವರ್ಷಕ್ಕೆ ಒಂದೂವರೆ ಲಕ್ಷದ ಆಚೆ ಈಚೆ. ಅದೇ ಕಾಲೇಜು, ಅದೇ ಬೆಂಚು, ಖಾಸಗಿ ಕೋಟಾ ಆದರೆ ಹನ್ನೆರಡು ಲಕ್ಷದ ಆಚೆ ಈಚೆ. ಸರಕಾರಿ ಕೋಟಾ ಸಿಕ್ಕೇ ಸಿಗುತ್ತಿತ್ತು ಎಂದು ನಾನು ಹೇಳುವುದಿಲ್ಲ, ರ‍್ಯಾಂಕಿನ ಆಟ ಅದು. ಸಾಲಿನಲ್ಲಿ ನಿಲ್ಲುವ ಹಕ್ಕನ್ನೇ ಒಂದು ಟಿಕ್ಕಿನಲ್ಲಿ ಕಿತ್ತುಕೊಂಡರಲ್ಲ, ಸಿಟ್ಟು ಅದಕ್ಕೆ.

ಇನ್ನು ಹಣದ ವಿಷಯ. ಇದು ಮಂಜೇಶ್ವರದವರಿಗೂ ಆಗುತ್ತದೆ, ಬೆಂಗಳೂರಿನವರಿಗೂ ಆಗುತ್ತದೆ.

ಡೀಮ್ಡ್ ಕಾಲೇಜುಗಳ (ವಿಶ್ವವಿದ್ಯಾಲಯದ ಸ್ಥಾನಮಾನ ಇರುವವು) ಕೌನ್ಸೆಲಿಂಗ್, ಅಂದರೆ ರ‍್ಯಾಂಕ್ ನೋಡಿ ಸೀಟು ಹಂಚುವ ಕೆಲಸ, ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ ಎಂಸಿಸಿಯದ್ದು, ಅಲ್ಲಿ ಊರು ರಾಜ್ಯ ಯಾರೂ ಕೇಳುವುದಿಲ್ಲ. ನೋಂದಣಿ ಶುಲ್ಕ 5,000 ರೂಪಾಯಿ, ವಾಪಸ್ ಇಲ್ಲ. ಸೆಕ್ಯುರಿಟಿ ಡೆಪಾಸಿಟ್ 2,00,000 ರೂಪಾಯಿ, ನಿಯಮ ಮುರಿಯದಿದ್ದರೆ ವಾಪಸ್. "ಎರಡು ಲಕ್ಷದ ಐದು ಸಾವಿರ ನಮ್ಮ ಅಕೌಂಟಿಗೆ ಹಾಕಿ ಸರ್, ಸರ್ವರ್ ಸ್ಲೋ ಉಂಟು, ನಾವು ನಮ್ಮ ಕಾರ್ಡಿನಲ್ಲಿ ಕಟ್ತೇವೆ, ನಿಮಗ್ಯಾಕೆ ಆ ತಲೆಬಿಸಿ" ಎಂದರು. ಹಾಕಿದೆವು. ಅವರು ಕಟ್ಟಿದ್ದೂ ನಿಜ, ರಶೀದಿ ತೋರಿಸಿದ್ದೂ ನಿಜ.

ಎಂಸಿಸಿಯ ರಿಫಂಡ್ ಯಾವ ಖಾತೆಯಿಂದ, ಯಾವ ಕಾರ್ಡಿನಿಂದ ಹಣ ಹೋಯಿತೋ ಅದಕ್ಕೇ ಹಿಂದೆ ಹೋಗುತ್ತದೆ. ವಿದ್ಯಾರ್ಥಿಯ ಖಾತೆಗಲ್ಲ, ಅಪ್ಪನ ಖಾತೆಗಲ್ಲ. ಕಟ್ಟಿದವನ ಕಾರ್ಡಿಗೆ. ನಾವು ತಿಂಗಳುಗಟ್ಟಲೆ ನಮ್ಮ ಪಾಸ್‌ಬುಕ್ ನೋಡುತ್ತಾ ಕೂತಿದ್ದೆವು. ಬ್ಯಾಂಕಿಗೆ ಹೋಗಿ ಕೇಳಿದೆವು. ಎಂಸಿಸಿಗೆ ಮೇಲ್ ಹಾಕಿದೆವು. ಹಣ ಎಂದೋ ಬಂದಾಗಿತ್ತು, ಅವನ ಕಾರ್ಡಿಗೆ. ಬ್ಯಾಂಕಿನ ಕೌಂಟರಿನಲ್ಲಿ ನಿಂತು ಇದು ತಲೆಗೆ ಹೊಕ್ಕಾಗ ಸಿಟ್ಟಿಗಿಂತ ಮೊದಲು ನಾಚಿಕೆ ಆಯಿತು. ಇಷ್ಟು ಸಣ್ಣ ವಿಷಯ!

ಫೋನ್ ಮಾಡಿದರೆ, "ಅದು ಸರ್ವಿಸ್ ಚಾರ್ಜಿಗೆ ಅಡ್ಜಸ್ಟ್ ಆಗಿದೆ ಸರ್."

ಯಾವ ಸರ್ವಿಸ್? "ಸೀಟು ಸಿಕ್ಕಿತಲ್ವಾ."

ಸೀಟು ಕೊಟ್ಟದ್ದು ಕೆಇಎ, ರ‍್ಯಾಂಕ್ ನೋಡಿ ಕೊಟ್ಟದ್ದು. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಕೋಟಾ ಎಷ್ಟು ರ‍್ಯಾಂಕಿಗೆ ನಿಂತಿತು ಎಂಬ ಪಟ್ಟಿ ಕೆಇಎ ಜಾಲತಾಣದಲ್ಲೇ ಉಂಟು. ಪಟ್ಟಿ ನೋಡಿ ಬೇಕಾದ ಕಾಲೇಜುಗಳ ಆಪ್ಶನ್ ನಾವೇ ಹಾಕಿದ್ದರೆ ಇದೇ ಸೀಟು ಬರುತ್ತಿತ್ತು. ಮೆಡಿಕಲ್‌ನಲ್ಲಿ ಈಗ ಮ್ಯಾನೇಜ್‌ಮೆಂಟ್ ಸೀಟೂ ಎನ್‌ಆರ್‌ಐ ಸೀಟೂ ಕೌನ್ಸೆಲಿಂಗ್ ಮೂಲಕವೇ ಹೋಗುವುದು. ಹಾಗಿರುವಾಗ "ಸೀಟು ಬ್ಲಾಕ್ ಮಾಡ್ತೇವೆ" ಎನ್ನುವವನು ನಿಮ್ಮದೇ ರ‍್ಯಾಂಕನ್ನು ನಿಮಗೇ ಮಾರುತ್ತಾನೆ.

ಮತ್ತೆ ಕೇಳಿದಾಗ, "ಜಿಎಸ್‌ಟಿ ಕಟ್ ಆಗಿದೆ." ಅವರು ಕೊಟ್ಟ ರಶೀದಿಯಲ್ಲಿ ಜಿಎಸ್‌ಟಿ ನಂಬರೇ ಇಲ್ಲ. ಅದನ್ನು ಹೇಳಿದ ಮೇಲೆ, "ಮೇಡಂ ಬಂದ ಮೇಲೆ ಮಾತಾಡಿ." ಮೇಡಂ ಇನ್ನೂ ಬಂದಿಲ್ಲ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ರೂಲ್ಸ್ ಹೇಳಿ ಹೆದರಿಸಿ ಎಂದು ಕೆಲವರು ಸಲಹೆ ಕೊಟ್ಟರು. ಯುಜಿಸಿಯ 2018ರ ರಿಫಂಡ್ ಪಟ್ಟಿ ಇರುವುದು ನಿಜ: ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲು ಬಿಟ್ಟರೆ ಸಣ್ಣ ಕಡಿತ ಕಳೆದು ಪೂರ್ತಿ, ಅದಕ್ಕಿಂತ ಹತ್ತಿರದಲ್ಲಿ ಬಿಟ್ಟರೆ ಶೇ. 90, ಕೊನೆಯ ದಿನ ಕಳೆದು ಹದಿನೈದು ದಿನದೊಳಗೆ ಶೇ. 80, ತಿಂಗಳೊಳಗೆ ಶೇ. 50, ಆಮೇಲೆ ಸೊನ್ನೆ. ಮೂಲ ಸರ್ಟಿಫಿಕೇಟ್ ಹಿಡಿದಿಡಬಾರದು ಎಂದೂ ಅದರಲ್ಲಿ ಉಂಟು. ಆದರೆ ಅದು ಕಾಲೇಜು ತೆಗೆದುಕೊಂಡ ಫೀಸಿನ ಮಾತು. ಏಜೆಂಟನ ಜೇಬಿಗೆ ಹೋದದ್ದಕ್ಕೆ ಆ ಪಟ್ಟಿ ಮುಟ್ಟುವುದಿಲ್ಲ. ಕೌನ್ಸೆಲಿಂಗ್ ಸೀಟು ಬಿಡುವುದಕ್ಕೂ ಕೆಇಎ, ಎಂಸಿಸಿಗಳ ಸ್ವಂತ ನಿಯಮ ಉಂಟು. ಎಂಸಿಸಿಯಲ್ಲಿ ಮೊದಲ ಸುತ್ತಿನ ಸೀಟು ಬಿಟ್ಟರೆ ನಷ್ಟ ಇಲ್ಲ, ಎರಡನೇ ಸುತ್ತಿನದಕ್ಕೆ ಸೇರದೆ ಬಿಟ್ಟರೆ ಡೆಪಾಸಿಟ್ ಹೋಯಿತು, ಮೂರನೆಯದರಲ್ಲಿ ಸೇರಿದ ಮೇಲೆ ಬಿಡುವ ಹಾಗೇ ಇಲ್ಲ. ಸುತ್ತು ಯಾವುದು ಎಂದು ನೋಡದೆ ಬಟನ್ ಒತ್ತಬೇಡಿ.

ಬಟನ್ ಎಂದಾಗ ನೆನಪಾಯಿತು. ಅರ್ಜಿಯಲ್ಲಿ ಅವರ ಮೊಬೈಲ್ ನಂಬರ್ ಹಾಕಲು ಬಿಡಲೇ ಬೇಡಿ. ಒಟಿಪಿ ಅವರಿಗೆ ಹೋಗುತ್ತದೆ, ಪಾಸ್‌ವರ್ಡ್ ಅವರಲ್ಲಿರುತ್ತದೆ. ಕೆಇಎಯಲ್ಲಿ ಸೀಟು ಹಂಚಿಕೆ ಆದ ಮೇಲೆ ನಾಲ್ಕು ಆಯ್ಕೆ: ಒಂದು, ಒಪ್ಪಿ ಸೇರುವುದು, ಎರಡು, ಇಟ್ಟುಕೊಂಡು ಮುಂದಿನ ಸುತ್ತಿಗೆ ಹೋಗುವುದು, ಮೂರು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕು, ಪೂರ್ತಿ ಹೊರಗೆ. ನಮ್ಮದಕ್ಕೆ ಒಂದನೇ ಆಯ್ಕೆ ಒತ್ತಿದ್ದು ಅವರು. "ರಿಸ್ಕ್ ಬೇಡಾಂತ ಒತ್ತಿದೆವು ಸರ್." ಯಾರ ರಿಸ್ಕ್?

ಕಾಲೇಜಿಗೆ ಹೋದ ಮೇಲೂ ಜಾಗ್ರತೆ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್. ಫೀಸು ಐದು ವರ್ಷಕ್ಕೋ ನಾಲ್ಕೂವರೆಗೋ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ. ಒಂದು ವರ್ಷಕ್ಕಿಂತ ಹೆಚ್ಚಿನ ಫೀಸು ಮುಂಗಡ ತೆಗೆದುಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ ಹೇಳಿದೆ. ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಲು ಅದೇ ತೀರ್ಪು ಅವಕಾಶ ಕೊಟ್ಟಿದೆ, ಆದ್ದರಿಂದ ಅದಕ್ಕೆ ಜಗಳಕ್ಕೆ ಹೋಗಬೇಡಿ. ಹಾಸ್ಟೆಲು, ಮೆಸ್ಸು, "ಇತರೆ" ಎಂಬ ಸಾಲಿಗೆ ಬೇರೆ ರಶೀದಿ ಕೇಳಿ. ಆ "ಇತರೆ"ಯಲ್ಲಿ ಏನೇನು ಉಂಟು ಎಂದು ಕೇಳಿದ ಕೂಡಲೇ ಕೌಂಟರಿನವರ ಮುಖ ಬದಲಾಗುತ್ತದೆ. ಬದಲಾಗಲಿ.

ಈಗಾಗಲೇ ಸಿಕ್ಕಿಬಿದ್ದವರು ಮಂಗಳೂರಿಗೆ ಅಲೆಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾಸರಗೋಡಿನ ಗ್ರಾಹಕ ಆಯೋಗದಲ್ಲೇ ಆಗುತ್ತದೆ. ಐದು ಲಕ್ಷದೊಳಗಿನದಕ್ಕೆ ದೂರಿನ ಶುಲ್ಕ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಶಿಕ್ಷಣ ಸಂಸ್ಥೆಯ ಮೇಲೆ ಗ್ರಾಹಕ ದೂರು ನಿಲ್ಲುತ್ತದೋ ಇಲ್ಲವೋ ಎಂಬ ವಾದ ಬರುತ್ತದೆ, ಏಜೆಂಟನ ಮೇಲೆ ಆ ವಾದ ಇಲ್ಲ, ಅವನು ಸೇವೆ ಮಾರಿದ ವ್ಯಾಪಾರಿ. ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಎಂಸಿಸಿ ರಿಫಂಡಿನ ಉತ್ತರ, ವಾಟ್ಸಾಪ್ ಮಾತು, ಎಲ್ಲ ತೆಗೆದಿಡಿ. ವಾಯ್ಸ್ ಮೆಸೇಜನ್ನು ಕೂಡ. ಅವರು ಬರೆಯುವುದಕ್ಕಿಂತ ಮಾತಾಡುವುದೇ ಹೆಚ್ಚು.

ನೋಟಿಸು ತಲುಪಿದ ದಿನ ಸಂಜೆ ಆ ಆಫೀಸಿನಿಂದ ಫೋನ್ ಬಂತು. "ಸರ್, ಇಷ್ಟಕ್ಕೆಲ್ಲ ಯಾಕೆ, ತಂಗಿಗೆ ಪಿಜಿ ಸೀಟಿಗೆ ನಾವೇ ಡಿಸ್ಕೌಂಟ್ ಕೊಡ್ತೇವಲ್ಲ."