ನುಡಿಗಟ್ಟಿನ ಜಾತಕ ಬರೆಯಲು ಎನ್‌ಗ್ರಾಮ್ ವ್ಯೂವರ್ ಸಾಕೇ?

ಇಂಗ್ಲಿಷಿನಲ್ಲಿ ‘ಕಿಕ್ ದ ಬಕೆಟ್’ ಎಂದರೆ ಗೊಟಕ್ ಎನ್ನುವುದು. ನಮ್ಮಲ್ಲಿ ಬಕೆಟ್ ಹಿಡಿಯುವವರಿಗೂ ಇದಕ್ಕೂ ನಂಟಿಲ್ಲ. ಇಂಥ ನುಡಿಗಟ್ಟು ಯಾವಾಗ ಹುಟ್ಟಿತು ಎಂದು ಹುಡುಕುವವರಿಗೆ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್ 2010ರಿಂದ ಪುಕ್ಕಟೆಯಾಗಿ ಸಿಗುತ್ತಿದೆ. ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಒಂದು ಪದವೋ ನುಡಿಗಟ್ಟೋ ಯಾವ ವರ್ಷ ಎಷ್ಟು ಬಳಕೆಯಾಗಿದೆ ಎಂದು ಗ್ರಾಫ್ ಬರೆದು ತೋರಿಸುತ್ತದೆ. ಒಳ್ಳೆಯ ಸಾಧನ. ಆದರೆ ಸೆಟ್ಟಿಂಗ್ ಮುಟ್ಟದೆ ಬಳಸಿದರೆ ದಾರಿ ತಪ್ಪಿಸುತ್ತದೆ.

ಫ್ರಾನ್ಸಿಸ್ ಗ್ರೋಸ್‌ನ ಬೀದಿಮಾತಿನ ನಿಘಂಟಿನಲ್ಲಿ 1785ರಲ್ಲೇ ಈ ನುಡಿಗಟ್ಟು ಇದೆ, ಅರ್ಥವೂ ‘ಸಾಯುವುದು’ ಎಂದೇ ಇದೆ. ವ್ಯೂವರ್‌ನ ಗ್ರಾಫ್ ಶುರುವಾಗುವುದೇ 1800ರಿಂದ! ಮೊದಲು ಅದನ್ನು 1700ಕ್ಕೆ ಇಳಿಸಿ. ಆಮೇಲೆ ಸ್ಮೂದಿಂಗ್ 3 ಎಂದಿರುವುದನ್ನು 0 ಮಾಡಿ. 3 ಇದ್ದರೆ ಪ್ರತಿ ವರ್ಷದ ಅಂಕಿಯನ್ನು ಹಿಂದಿನ ಮೂರು, ಮುಂದಿನ ಮೂರು ವರ್ಷಗಳ ಜೊತೆ ಸೇರಿಸಿ ಸರಾಸರಿ ತೆಗೆಯುತ್ತದೆ. 1785ರ ಬಳಕೆ 1782ರಲ್ಲೇ ಇತ್ತೇನೋ ಎಂಬಂತೆ ಗೆರೆ ಏಳುತ್ತದೆ.

ಕಿಕ್, ಕಿಕ್ಡ್, ಕಿಕಿಂಗ್ ಎಲ್ಲ ರೂಪಗಳೂ ಬೇಕಿದ್ದರೆ ಕಿಕ್ ಪದಕ್ಕೆ ಅಂಟಿಸಿ ಅಂಡರ್‌ಸ್ಕೋರ್, ನಂತರ ದೊಡ್ಡಕ್ಷರದಲ್ಲಿ ಐ-ಎನ್-ಎಫ್ ಹಾಕಿ. ಐದು ಪದಕ್ಕಿಂತ ಉದ್ದದ್ದನ್ನು ಇದು ಹುಡುಕುವುದಿಲ್ಲ. ‘ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಆರು ಪದ. ಮೊದಲೆರಡನ್ನು ಬಿಟ್ಟು ಹುಡುಕಿ.

ದೊಡ್ಡ ದೋಷ ಬೇರೆಯೇ ಇದೆ: ಇದಕ್ಕೆ ಅರ್ಥ ತಿಳಿಯದು. ಹಾಲು ಕರೆಯುವಾಗ ಹಸು ಬಕೆಟ್ ಒದ್ದರೂ ಲೆಕ್ಕ ಒಂದೇ, ಯಜಮಾನ ಸತ್ತರೂ ಒಂದೇ. ಹಾಗಾಗಿ ಗ್ರಾಫಿನ ಕೆಳಗಿರುವ ವರ್ಷವಾರು ಕೊಂಡಿ ಒತ್ತಿ, ಪುಟದ ಚಿತ್ರವನ್ನೇ ಓದಬೇಕು. ಶೀರ್ಷಿಕೆ ಪುಟದ ಇಸವಿಯನ್ನೂ ನೋಡಿ. ಮರುಮುದ್ರಣದ ಇಸವಿ ಕೃತಿಯ ಇಸವಿಯಲ್ಲ.

1800ಕ್ಕೆ ಮುಂಚಿನ ಮುದ್ರಣದಲ್ಲಿ ಪದದ ಮೊದಲಿಗೋ ನಡುವೆಯೋ ಬರುವ ‘ಎಸ್’ ಉದ್ದವಾಗಿ ‘ಎಫ್’ನಂತೆ ಕಾಣುತ್ತದೆ. ಅಕ್ಷರ ಗುರುತಿಸುವ ತಂತ್ರಾಂಶ ಅಲ್ಲಿ ಎಡವಿ ಸಾಲ್ಟ್ ಅನ್ನು ಫಾಲ್ಟ್ (ಎಫ್-ಎ-ಎಲ್-ಟಿ) ಎಂದು ಓದಿಬಿಡುತ್ತದೆ. ‘ಗ್ರೇನ್ ಆಫ್ ಸಾಲ್ಟ್’ ಹುಡುಕುವವರು ಎರಡನ್ನೂ ಟೈಪ್ ಮಾಡಲಿ. ಏನೂ ಸಿಗದಿದ್ದರೆ ನುಡಿಗಟ್ಟೇ ಇರಲಿಲ್ಲ ಎಂದಲ್ಲ: ಕನಿಷ್ಠ 40 ಪುಸ್ತಕಗಳಲ್ಲಿ ಬಂದದ್ದನ್ನು ಮಾತ್ರ ಇದು ತೋರಿಸುತ್ತದೆ.

ಹುಟ್ಟಿನ ಕಾರಣಕ್ಕಂತೂ ನಿಘಂಟೇ ಗತಿ. ನೇಣು ಹಾಕಿಕೊಳ್ಳುವವನು ನಿಂತ ಬಕೆಟ್ಟನ್ನು ಒದೆಯುತ್ತಾನೆ ಎಂಬ ಕಥೆ ಜನಪ್ರಿಯ. ಕಡಿದ ಹಂದಿಯನ್ನು ತಲೆಕೆಳಗಾಗಿ ತೂಗುಹಾಕುವ ತೊಲೆಗೂ ಇಂಗ್ಲೆಂಡಿನ ನಾರ್ಫೋಕ್ ಕಡೆಯ ಆಡುಮಾತಿನಲ್ಲಿ ಬಕೆಟ್ ಎಂಬ ಹೆಸರಿತ್ತು. ನಿಘಂಟುಕಾರರ ಒಲವು ಈ ತೊಲೆಯ ಕಡೆಗಿದೆ. ಗ್ರಾಫಿನಲ್ಲಿ ಎರಡಕ್ಕೂ ಒಂದೇ ಗೆರೆ.