ನೀಲ್ ಯಂಗ್ ಆರ್ಕೈವ್ಸ್: ಕಂಪನಿ ಬೇಡ ಅಂದ ಹಾಡುಗಳೂ ಸಿಗೋ ಜಾಗ

ರಾಕ್ ಗಾಯಕ ನೀಲ್ ಯಂಗ್ ಅವರದ್ದೇ ನೀಲ್ ಯಂಗ್ ಆರ್ಕೈವ್ಸ್ ಅಂತ ಒಂದು ಸ್ಟ್ರೀಮಿಂಗ್ ಸರ್ವಿಸ್ ಇದೆ, ವೆಬ್‌ಸೈಟೂ ಇದೆ ಆ್ಯಪೂ ಇದೆ. ಒಬ್ಬರೇ ಗಾಯಕರ ಹಾಡಿಗೋಸ್ಕರ ಬೇರೆ ಚಂದಾ ಯಾರು ಕೊಡ್ತಾರೆ ಅಂತ ಶಿವಮೊಗ್ಗದಲ್ಲಿ ನಮ್ ಗ್ಯಾಂಗಲ್ಲೇ ಕೇಳಿದ್ರು, ನಾನು ಕೊಡ್ತೀನಿ ಅಂದೆ, ಈಗ್ಲೂ ಅದೇ ಹೇಳ್ತೀನಿ. ಎಲ್ರೂ ಇದನ್ನ ಹೊಗಳೋದು ಸೌಂಡ್ ಕ್ವಾಲಿಟಿಗೆ. ನಂಗೆ ಹಿಡಿಸಿದ್ದು ಬೇರೇನೇ. ಆಡಿಯೋ ಕಂಪನಿ ಬೇಡ ಅಂತ ವಾಪಸ್ ಕಳ್ಸಿದ ರೆಕಾರ್ಡು, ಕಂಪನಿ ಒತ್ತಾಯಕ್ಕೆ ಮಾಡಿದ ರೆಕಾರ್ಡು, ತಾವೇ ಬೇಡ ಅಂತ ವರ್ಷಗಟ್ಲೆ ಮುಚ್ಚಿಟ್ಟ ರೆಕಾರ್ಡು, ಎಲ್ಲಾ ಒಂದೇ ಕಡೆ ಇಸವಿ ಪ್ರಕಾರ ಜೋಡ್ಸಿಟ್ಟಿದಾರೆ. ಯಂಗ್‌ಗೂ ಕಂಪನಿಗೂ ಆದ ಜಗಳದಲ್ಲಿ ಯಾರು ಸರಿ ಅನ್ನೋದನ್ನ ನಾವೇ ಕೂತು ಕೇಳಿ ತೀರ್ಮಾನ ಮಾಡ್ಬಹುದು, ಈ ತರ ಅವಕಾಶ ಬೇರೆ ಯಾವ ರಾಕ್ ಸಂಗೀತಗಾರರ ವಿಷಯದಲ್ಲೂ ನಂಗೆ ಸಿಕ್ಕಿಲ್ಲ.

ಗೊತ್ತಿಲ್ದೋರಿಗೆ ಹೇಳೋದಾದ್ರೆ ನೀಲ್ ಯಂಗ್ 1945ರಲ್ಲಿ ಕೆನಡಾದ ಟೊರಾಂಟೋದಲ್ಲಿ ಹುಟ್ಟಿದವರು, 1972ರಲ್ಲಿ ಬಂದ ಇವರ ಹಾರ್ವೆಸ್ಟ್ ಆ ವರ್ಷ ಅಮೆರಿಕದಲ್ಲೇ ಅತಿ ಹೆಚ್ಚು ಮಾರಾಟ ಆದ ಆಲ್ಬಂ. ಅಷ್ಟು ದೊಡ್ಡ ಹೆಸರಿದ್ದೋರ ಮೇಲೇ 1983ರಲ್ಲಿ ಅವರ ಹಾಡು ಬಿಡುಗಡೆ ಮಾಡ್ತಿದ್ದ ಕಂಪನಿ ಗೆಫೆನ್ ರೆಕಾರ್ಡ್ಸೇ 33 ಲಕ್ಷ ಡಾಲರಿಗೆ ಕೇಸ್ ಹಾಕ್ತು. ದುಡ್ಡು ತಿಂದ್ರು ಅಂತಲ್ಲ, ಟೈಮಿಗೆ ರೆಕಾರ್ಡ್ ಕೊಡ್ಲಿಲ್ಲ ಅಂತಾನೂ ಅಲ್ಲ. ಇವರು ಕೊಡ್ತಿರೋ ರೆಕಾರ್ಡುಗಳು ವ್ಯಾಪಾರಕ್ಕೆ ಆಗಲ್ಲ, ಇವರ ಹಳೇ ಹಾಡುಗಳ ತರ ಇಲ್ಲ ಅಂತ! ಅಂದ್ರೆ ನೀಲ್ ಯಂಗ್ ನೀಲ್ ಯಂಗ್ ತರ ಹಾಡ್ತಿಲ್ಲ ಅನ್ನೋದು ಆರೋಪ. ನಂಗೆ ಇವತ್ತಿಗೂ ಇದನ್ನ ನೆನೆಸ್ಕೊಂಡ್ರೆ ಸಿಟ್ಟು ಬರುತ್ತೆ.

ಅದಕ್ಕೆ ಮುಂಚೆ ಆಗಿದ್ದೇನು ಅಂದ್ರೆ, 1982ರಲ್ಲಿ ಯಂಗ್ ಕಡಲು, ದ್ವೀಪದ ಬಗ್ಗೆ ಐಲ್ಯಾಂಡ್ ಇನ್ ದಿ ಸನ್ ಅಂತ ಒಂದು ಹಗುರವಾದ ಆಲ್ಬಂ ತಗೊಂಡು ಹೋದ್ರು, ಗೆಫೆನ್ ಒಪ್ಲಿಲ್ಲ. ಆಮೇಲೆ ಟ್ರಾನ್ಸ್ ಕೊಟ್ರು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಡಲ್ಲಿ ದನಿ ವೋಕೋಡರ್ ಅನ್ನೋ ಮೆಷಿನ್ ಒಳಗಿಂದ ಬರುತ್ತೆ. ಆಮೇಲೆ ನ್ಯಾಶ್‌ವಿಲ್‌ಗೆ ಹೋಗಿ ಪಕ್ಕಾ ಕಂಟ್ರಿ (ಅಮೆರಿಕದ ಹಳ್ಳಿ ಕಡೆ ಧಾಟಿ) ಆಲ್ಬಂ ರೆಕಾರ್ಡ್ ಮಾಡ್ಕೊಂಡು ಬಂದ್ರು, ಅದೂ ಬೇಡ, ನಮಗೆ ರಾಕ್ ಅಂಡ್ ರೋಲ್ ಕೊಡಿ ಅಂದ್ರು. ಸರಿ ಅಂತ ಇವರು 1950ರ ದಶಕದ ಧಾಟಿಲಿ ಎವ್ರಿಬಡೀಸ್ ರಾಕಿನ್ ಅಂತ 25 ನಿಮಿಷದ ಆಲ್ಬಂ ಕೊಟ್ಬಿಟ್ರು. ಅದಾದ್ಮೇಲೇ ಕೇಸು. ಯಂಗ್ ಸುಮ್ನಿರ್ಲಿಲ್ಲ, ಸಂಗೀತದ ವಿಷಯದಲ್ಲಿ ಕೈ ಹಾಕಲ್ಲ ಅಂತ ನೀವೇ ಮಾತು ಕೊಟ್ಟಿದ್ರಿ ಅಂತ 2.1 ಕೋಟಿ ಡಾಲರಿಗೆ ತಿರುಗಿ ಕೇಸ್ ಹಾಕಿದ್ರು. ಕೊನೆಗೆ ರಾಜಿ ಆಯ್ತು, ಡೇವಿಡ್ ಗೆಫೆನ್ ಕ್ಷಮೆನೂ ಕೇಳಿದ್ರು. 1988ರಲ್ಲಿ ಯಂಗ್ ತಮ್ಮ ಹಳೇ ಕಂಪನಿ ರಿಪ್ರೈಸ್‌ಗೆ ವಾಪಸ್ ಬಂದ್ರು.

ಈ ಕಥೆ ಓದೋಕೆ ಎಲ್ಲಾ ಕಡೆ ಸಿಗುತ್ತೆ, ಈ ಸರ್ವಿಸಲ್ಲಿ ಕೇಳೋಕೆ ಸಿಗುತ್ತೆ, ವ್ಯತ್ಯಾಸ ಅಷ್ಟೇ, ಆದ್ರೆ ಅದು ಸಣ್ಣ ವ್ಯತ್ಯಾಸ ಅಲ್ಲ. ಇಲ್ಲಿ ಹಾಡುಗಳನ್ನ ಆಫೀಸಲ್ಲಿರೋ ಕಬ್ಬಿಣದ ಫೈಲ್ ಕ್ಯಾಬಿನೆಟ್ ತರ ಚಿತ್ರ ಮಾಡಿ ಇಟ್ಟಿದಾರೆ, ಡ್ರಾಯರ್ ಎಳೆದ್ರೆ ಫೋಲ್ಡರ್, ಫೋಲ್ಡರಲ್ಲಿ ಒಂದೊಂದು ಹಾಡಿಗೆ ಒಂದೊಂದು ಕಾರ್ಡು, ಯಾವಾಗ ರೆಕಾರ್ಡ್ ಆಯ್ತು, ಯಾರ್ಯಾರು ನುಡಿಸಿದ್ರು ಅನ್ನೋ ವಿವರ. ಜೊತೆಗೆ ಒಂದು ಟೈಮ್‌ಲೈನ್. ಮೊದಲ ಸಲ ನೋಡೋರಿಗೆ ದಾರಿ ತಪ್ಪೋದು ಗ್ಯಾರಂಟಿ, ಹುಡುಕು ಒತ್ತು ಕೇಳು ಅನ್ನೋ ಅಭ್ಯಾಸ ಇರೋರಿಗೆ ಈ ಡ್ರಾಯರ್ ಎಳೆಯೋ ಆಟ ನಿಧಾನ ಅನ್ಸುತ್ತೆ, ಅದು ನಿಜವಾದ ಕೊರತೆನೇ. ಆದ್ರೆ 1982-83ರ ಜಾಗಕ್ಕೆ ಬಂದು ನಿಂತಾಗ ಮಾತ್ರ ಈ ವ್ಯವಸ್ಥೆ ಯಾಕೆ ಹಿಂಗಿದೆ ಅಂತ ಅರ್ಥ ಆಗುತ್ತೆ. ಆ ತಿರಸ್ಕಾರ ಆದ ದ್ವೀಪದ ಹಾಡುಗಳು 2024ರ ಸೆಪ್ಟೆಂಬರಲ್ಲಿ ಬಂದ ಆರ್ಕೈವ್ಸ್ ಮೂರನೇ ಸಂಪುಟ ಅನ್ನೋ ಸಿಡಿ ಸೆಟ್ಟಲ್ಲಿ ಜಾನೀಸ್ ಐಲ್ಯಾಂಡ್ ಅನ್ನೋ ಹೆಸರಲ್ಲಿ ಹೊರಗೆ ಬಂದಿವೆ, ಅಂದ್ರೆ ಮಾಡಿ 42 ವರ್ಷ ಆದ್ಮೇಲೆ.

ಟ್ರಾನ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಸಾಗರದ ನನ್ ಫ್ರೆಂಡಿಗೆ ಕೇಳ್ಸಿದಾಗ "ಎಂಥ ಮಾರಾಯಾ ಇದು, ರೋಬೋಟ್ ಹಾಡಿದಂಗಿದೆ" ಅಂದ. ಹೌದು ಹಂಗೇ ಇದೆ. ಯಂಗ್ ಅವರ ಮಗ ಬೆನ್‌ಗೆ ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ, ಮಾತು ಬರಲ್ಲ, ಆ ಮಗು ಜೊತೆ ಮಾತಾಡೋ ಪ್ರಯತ್ನನೇ ಆ ಆಲ್ಬಂ ಅಂತ ಯಂಗ್ ಆಮೇಲೆ ಹೇಳಿದಾರೆ, ಮಾತು ಅರ್ಥ ಆಗ್ದೇ ಇರೋದೇ ಅಲ್ಲಿ ವಿಷಯ. ಇದನ್ನ ಹೇಳಿ ಮತ್ತೆ ಹಾಕ್ದೆ. ಅವನು ಪೂರ್ತಿ ಕೇಳ್ದ, ಏನೂ ಮಾತಾಡ್ಲಿಲ್ಲ, ಇನ್ನೊಂದ್ಸಲ ಹಾಕು ಅಂದ. ಒಬ್ಬ ಅಪ್ಪ ಇಂಥ ಕಾರಣಕ್ಕೆ ಮಾಡಿದ ರೆಕಾರ್ಡನ್ನ ಕೋರ್ಟ್ ಕಾಗದದಲ್ಲಿ ಹಳೇ ತರ ಇಲ್ಲ ಅಂತ ಬರೆದವರು ಹಾಡು ಕೇಳಿದ್ರಾ ಇಲ್ವಾ ಅಂತ ನಂಗೆ ಅನುಮಾನ.

ಹಂಗಂತ ಕಂಪನಿ ಬೈದಿದ್ದೆಲ್ಲಾ ಚಿನ್ನ ಅಂತಾನೂ ನಾನು ಹೇಳಲ್ಲ. ಎವ್ರಿಬಡೀಸ್ ರಾಕಿನ್ ನಂಗೆ ಸಪ್ಪೆ, ನಾಲ್ಕು ಹಾಡು ಆದ್ಮೇಲೆ ಸಾಕು ಅನ್ಸುತ್ತೆ. ಆದ್ರೆ ಸಪ್ಪೆ ರೆಕಾರ್ಡ್ ಮಾಡೋ ಹಕ್ಕೂ ಹಾಡೋರಿಗೆ ಇರ್ಬೇಕು. ನಮ್ಮ ಕಡೆ ಅಡಿಕೆ ಮಂಡಿಯೋರು ಬೆಳೆಗಾರರಿಗೆ ಮುಂಗಡ ಕೊಡ್ತಾರೆ, ರಾಶಿ ಅನ್ನೋ ಒಳ್ಳೆ ಅಡಿಕೆ ತಂದ್ರೆ ರಾಶಿ ರೇಟು, ಗೊರಬಲು ಅನ್ನೋ ಕಮ್ಮಿ ದರ್ಜೆದು ತಂದ್ರೆ ಗೊರಬಲು ರೇಟು, ಕಮ್ಮಿ ಹಾಕಿದ್ರು ಅಂತ ಜಗಳ ಆಗುತ್ತೆ, ಆದ್ರೆ ಹೋದ್ವರ್ಷದ ತರ ಅಡಿಕೆ ಬಿಟ್ಟಿಲ್ಲ ಅಂತ ತೋಟದ ಮೇಲೆ ಯಾರೂ ಕೇಸ್ ಹಾಕಲ್ಲ. ನಮ್ಮ ದೇಶದಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಬಂದ್ಮೇಲೆ ಹಾಡು ಬರೆದೋರು, ಸಂಗೀತ ಮಾಡಿದೋರು ತಮ್ಮ ರಾಯಲ್ಟಿ ಹಕ್ಕನ್ನ ಕಂಪನಿಗೆ ಬರ್ಕೊಟ್ರೂ ಅದು ನಡೆಯಲ್ಲ, ಒಳ್ಳೇದಾಯ್ತು, ಆದ್ರೆ ಅದು ದುಡ್ಡಿನ ರಕ್ಷಣೆ. ಏನು ಹಾಡ್ಬೇಕು ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ ಅನ್ನೋದು ಇವತ್ತಿಗೂ ಅಗ್ರಿಮೆಂಟಲ್ಲಿ ಏನು ಬರೆದಿದೆ ಅನ್ನೋದ್ರ ಮೇಲೇ ನಿಂತಿದೆ. ಇಲ್ಲಿ ಬ್ಯಾಂಡ್ ಕಟ್ಕೊಂಡು ಓಡಾಡೋ ಹುಡುಗ್ರು, ಹುಡುಗೀರು ಇದನ್ನ ಓದ್ತಿದ್ರೆ ಸೈನ್ ಹಾಕೋ ಮುಂಚೆ ಆ ಒಂದು ಸಾಲು ಎಲ್ಲಿದೆ ಅಂತ ಹುಡುಕಿ, ದಯವಿಟ್ಟು.

ಇನ್ನೊಂದು ಕೇಳ್ಲೇಬೇಕಾದ್ದು ಹಿಚ್‌ಹೈಕರ್ ಅನ್ನೋ ಆಲ್ಬಂ. 1976ರ ಆಗಸ್ಟಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಲಿಬುವಿನಲ್ಲಿ ಒಂದೇ ರಾತ್ರಿ ಒಬ್ಬರೇ ಕೂತು ಹಾಡಿದ್ದು, ಕಂಪನಿಯೋರು ಇದು ಡೆಮೋ ಇದ್ದಂಗಿದೆ, ಬ್ಯಾಂಡ್ ಇಟ್ಕೊಂಡು ಮತ್ತೆ ಮಾಡಿ ಅಂದ್ರು, 2017ರವರೆಗೂ ಹೊರಗೆ ಬರ್ಲಿಲ್ಲ. ಇದು ಗೆಫೆನ್ ಅಲ್ಲ, ರಿಪ್ರೈಸ್. ಅಂದ್ರೆ ಒಳ್ಳೆ ಕಂಪನಿ ಅನ್ನಿಸ್ಕೊಂಡೋರೂ ಇದೇ ಕೆಲಸ ಮಾಡಿದಾರೆ. ಹೋಮ್‌ಗ್ರೋನ್ ಮಾತ್ರ ಉಲ್ಟಾ, ಅದನ್ನ 1975ರಲ್ಲಿ ತಡೆ ಹಿಡಿದಿದ್ದು ಯಂಗ್ ಅವರೇ, ತುಂಬಾ ಖಾಸಗಿ ಆಯ್ತು ಅಂತ, 2020ರಲ್ಲಿ ಬಿಟ್ರು.

ಈಗ ಸೌಂಡ್ ವಿಷಯ, ಮಲೆನಾಡಲ್ಲಿ ಇರೋರಿಗೆ. ಇವರು 24 ಬಿಟ್ 192 ಕಿಲೋಹರ್ಟ್ಸ್‌ವರೆಗೂ, ಅಂದ್ರೆ ಸಿಡಿಗಿಂತ ಹೆಚ್ಚಿನ ಕ್ವಾಲಿಟಿಲಿ ಕೊಡ್ತಾರೆ, ಎಲ್ಲಾ ಹಾಡೂ ಅಷ್ಟಿಲ್ಲ. ಕಂಪ್ರೆಸ್ ಆದ್ಮೇಲೂ ಗಂಟೆಗೆ ಎರಡು ಜಿಬಿ ಮೇಲೆ ಹೋಗುತ್ತೆ ಅಂತ ಇಟ್ಕೊಳ್ಳಿ, ದಿನಕ್ಕೆ 1.5 ಜಿಬಿ ಪ್ಯಾಕ್ ಇರೋರಿಗೆ ಒಂದು ಆಲ್ಬಂ ಮುಗಿಯೋ ಹೊತ್ತಿಗೆ ಡೇಟಾನೂ ಮುಗೀತು. ನೆಟ್ ಸ್ಪೀಡ್ ನೋಡಿ ಕ್ವಾಲಿಟಿ ಅದೇ ಇಳಿಸ್ಕೊಳ್ಳುತ್ತೆ, ಅದು ದೊಡ್ಡ ಉಪಕಾರ. ಶಿವಮೊಗ್ಗ ಪೇಟೆಲಿ ಫೈಬರ್ ಇದ್ರೆ ತೊಂದ್ರೆ ಇಲ್ಲ. ಹೊಸನಗರ, ಆಗುಂಬೆ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರೂ ಮಲಗಿದಾಗ ಯಾವ ಸ್ಟ್ರೀಮಿಂಗೂ ಇಲ್ಲ, ಅಂಥ ಕಡೆ ಇರೋರು ಸಿಡಿ ತಗೊಳ್ಳೋದೇ ವಾಸಿ. ಬ್ಲೂಟೂತ್ ಹೆಡ್‌ಫೋನಲ್ಲಿ ಈ ಹೈ ರೆಸಲ್ಯೂಷನ್ ಪೂರ್ತಿ ಬರಲ್ಲ, ವೈರ್ ಹಾಕ್ಕೊಳ್ಳಿ.

ಈ ಸೌಂಡ್ ಹಠನೂ ಅದೇ ಜಗಳದ ಮುಂದುವರಿಕೆ ಅನ್ಸುತ್ತೆ ನಂಗೆ. 2014ರಲ್ಲಿ ಪೋನೋ ಅಂತ ಒಳ್ಳೆ ಸೌಂಡಿನ ಮ್ಯೂಸಿಕ್ ಪ್ಲೇಯರ್ ಮಾಡೋಕೆ ಜನರಿಂದ 60 ಲಕ್ಷ ಡಾಲರಿಗೂ ಹೆಚ್ಚು ಎತ್ತಿದ್ರು, ಅದು ನಿಲ್ಲಲಿಲ್ಲ, ಮುಚ್ಚೋಯ್ತು. ಅದಾದ್ಮೇಲೆ 2017ರ ಡಿಸೆಂಬರಲ್ಲಿ ಈ ಆರ್ಕೈವ್ಸ್ ಶುರು ಮಾಡಿದ್ರು. 2022ರಲ್ಲಿ ಸ್ಪಾಟಿಫೈಯಿಂದ ಹಾಡೆಲ್ಲಾ ತೆಗೆಸಿದಾಗ, ಕೋವಿಡ್ ಲಸಿಕೆ ಬಗ್ಗೆ ಸುಳ್ಳು ಹರಡೋ ಪಾಡ್‌ಕಾಸ್ಟ್ ಜೊತೆ ನಾನಿರಲ್ಲ ಅಂತ, ಆಗ ನಿಲ್ಲೋಕೆ ಸ್ವಂತ ಜಾಗ ಅಂತ ಒಂದಿತ್ತು. 2024ರಲ್ಲಿ ವಾಪಸ್ ಹೋದ್ರು, ಅದಿರ್ಲಿ. 2021ರಲ್ಲಿ ತಮ್ಮ ಹಾಡುಗಳ ಹಕ್ಕಲ್ಲಿ ಅರ್ಧ ಪಾಲು ಮಾರಿದ್ದು ನಂಗೆ ಬೇಜಾರಾಗಿತ್ತು, ಇದನ್ನೂ ಹೇಳ್ಲೇಬೇಕು.

ಸ್ವಂತ ಜಾಗ ಅಂದಾಗ ನಂಗೆ ಹೆಗ್ಗೋಡು ನೆನಪಾಗುತ್ತೆ. 1949ರಲ್ಲಿ ಶುರುವಾದ ನೀನಾಸಂ, ಸುಬ್ಬಣ್ಣನವರು ಕಟ್ಟಿದ ಅಕ್ಷರ ಪ್ರಕಾಶನ, 1985ರಿಂದ ಊರೂರು ಸುತ್ತೋ ತಿರುಗಾಟ, ರಂಗಮಂದಿರನೂ ಅವರದ್ದೇ, ಪುಸ್ತಕ ಅಚ್ಚು ಹಾಕ್ಸೋದೂ ಅವರೇ, ನಾಟಕ ಜನರ ಹತ್ರ ತಗೊಂಡು ಹೋಗೋ ದಾರಿನೂ ಅವರದ್ದೇ, ಅದಕ್ಕೇ ಯಾವ ನಾಟಕ ಆಡ್ಬೇಕು ಅಂತ ಅವರಿಗೆ ಬೆಂಗಳೂರಿಂದ ಯಾರೂ ಹೇಳೋ ಪರಿಸ್ಥಿತಿ ಬರ್ಲಿಲ್ಲ. ಕನ್ನಡದ ಹಾಡುಗಾರರಿಗೂ ಹಿಂಗೊಂದು ವ್ಯವಸ್ಥೆ ಬೇಕು, ಕೈಬಿಟ್ಟ ಟ್ರ್ಯಾಕ್‌ಗಳು, ಬದಲಾಯಿಸಿದ ಸಾಹಿತ್ಯ, ಎಲ್ಲಾ ತಾರೀಖು ಸಮೇತ.

ಚಂದಾ ಶುರುವಲ್ಲಿ ತಿಂಗಳಿಗೆ 1.99 ಡಾಲರ್ ಇತ್ತು, ಆಮೇಲೆ ಬದಲಾಗಿದೆ, ಹಾಕೋ ಮುಂಚೆ ಅವರ ಪೇಜಲ್ಲೇ ನೋಡ್ಕೊಳ್ಳಿ. ಹಾರ್ವೆಸ್ಟ್ ಒಂದೇ ಸಾಕು ಅನ್ನೋರಿಗೆ ಇದು ಬೇಡ, ಅದು ಎಲ್ಲಾ ಕಡೆ ಸಿಗುತ್ತೆ. ಬೇರೆಯವರೆಲ್ಲಾ ಮೊದಲು ಒಂದು ತಿಂಗಳಿಗೆ ಹಾಕಿ, ಹಿಚ್‌ಹೈಕರ್ ಕೇಳಿ, ಆಮೇಲೆ ಜಾನೀಸ್ ಐಲ್ಯಾಂಡ್, ಟ್ರಾನ್ಸ್, ಎವ್ರಿಬಡೀಸ್ ರಾಕಿನ್ ಮೂರನ್ನೂ ಇದೇ ಆರ್ಡರಲ್ಲಿ ಕೇಳಿ. ವರ್ಷದ ಚಂದಾ ಕಟ್ಟೋದಾ ಬೇಡ್ವಾ ಅಂತ ಅಷ್ಟರಲ್ಲಿ ಗೊತ್ತಾಗುತ್ತೆ.